ಹನ್ನೆರಡು ಬಟ್ಟೆ, ಒಂದು ಅಳತೆ ರವಿಕೆ

ಜೂನ್ 4

ಸೂಜಿಮೆಣಸೇ,

ಫೋನಿನಲ್ಲಿ ಅಳತೆ ಹೇಳಬೇಡ ಎಂದು ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ನಿನ್ನೆ ಬಸ್ಸಿನ ಗಲಾಟೆಯ ನಡುವೆ ‘ಮೂವತ್ತೇನೋ’ ಎಂದೆ. ಮೂವತ್ತೇನೋ ಎಂಬ ಅಳತೆಗೆ ದಿಂಬಿನ ಚೀಲ ಹೊಲಿಯಬಹುದು, ರವಿಕೆ ಹೊಲಿಯಲಾಗದು. ಈ ಮುಂದಿನ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ಕೂತು ಹದಿನೆಂಟು ವರ್ಷವಾಯಿತು. ಕಿವಿಯಲ್ಲಿ ಕೇಳಿದ ಅಳತೆಗೆ ಒಂದು ದಿನವೂ ಕತ್ತರಿ ಹಾಕಿದವಳಲ್ಲ. ಗಂಡನ ತಂಗಿ ಎಂದು ನಿನಗೊಂದು ಹೊಸ ಕಾನೂನು ಮಾಡಲಾರೆ. ಇನ್ನು ಮೇಲೆ ಬಟ್ಟೆಯ ಮಾತೆಲ್ಲ ಕಾಗದದಲ್ಲಿ.

ನಿನ್ನ ಹೊಸ ಕೆಲಸದ ಬಗ್ಗೆ ನನಗೆ ಅರ್ಥವಾದದ್ದು ಇಷ್ಟು. ದೊಡ್ಡ ಹೋಟೆಲು, ಅದರ ರಿಸೆಪ್ಷನ್ನಿನಲ್ಲಿ ನೀನು ನಿಲ್ಲಬೇಕು. ಸಾಂಪ್ರದಾಯಿಕ ಉಡುಪೇ ಆಗಬೇಕು, ಒಂದು ವಾರದಲ್ಲಿ ಉಟ್ಟದ್ದನ್ನೇ ಮತ್ತೆ ಉಡಬಾರದು, ಬಟ್ಟೆಗೆ ಅವರು ಕಾಸು ಬಿಚ್ಚುವುದಿಲ್ಲ. ನಿನ್ನನ್ನು ಇಟ್ಟುಕೊಳ್ಳುವುದೋ ಬಿಡುವುದೋ ಎಂದು ಸೆಪ್ಟೆಂಬರ್ ಕೊನೆಗೆ ತೀರ್ಮಾನ. ಅದಕ್ಕೆ ನೀನು ಫೋನಿನಲ್ಲಿ ಚಿತ್ರ ನೋಡಿ ಆರು ರೆಡಿಮೇಡ್ ಸೆಟ್ಟು ತರಿಸುತ್ತೀಯಂತೆ. ಒಂದೂವರೆ ತಿಂಗಳ ಸಂಬಳ ಅದಕ್ಕೇ ಹೋಗುತ್ತದೆ. ಅಂಥ ಸೆಟ್ಟುಗಳು ರಿಪೇರಿಗೆಂದು ದಿನಕ್ಕೆರಡು ನನ್ನ ಮೇಜಿನ ಮೇಲೆ ಬಂದು ಬೀಳುತ್ತವೆ. ಎರಡು ಸಲ ಒಗೆದರೆ ತೋಳು ಮೊಣಕೈಗೆ ಬರುತ್ತದೆ, ಮೂರನೇ ಸಲಕ್ಕೆ ಗೊಂಬೆಗೆ ತೊಡಿಸಬಹುದು.

ನನ್ನ ಯೋಜನೆ ಕೇಳು. ನಾಲ್ಕು ಸೀರೆ, ಮೂರು ರವಿಕೆ, ಎರಡು ಕುರ್ತಾ, ಎರಡು ಪ್ಯಾಂಟು, ಒಂದು ದುಪಟ್ಟಾ. ಒಟ್ಟು ಹನ್ನೆರಡು ಬಟ್ಟೆ, ಅದರಲ್ಲೇ ವರ್ಷ ಕಳೆಯಬೇಕು. ನಾಲ್ಕು ದಿನ ಸೀರೆ, ಎರಡು ದಿನ ಕುರ್ತಾ, ಅಲ್ಲಿಗೆ ವಾರ ಮುಗಿಯಿತು. ಯಾವ ಸೀರೆಗೂ ಯಾವ ರವಿಕೆಯಾದರೂ ಹೊಂದಬೇಕು. ಹಾಗಿದ್ದರೆ ಮುಂದಿನ ವಾರ ರವಿಕೆ ಬದಲಿಸಿದಾಗ ಹಳೇ ಸೀರೆಯೇ ಹೊಸದಾಗಿ ಕಾಣುತ್ತದೆ. ಸೀರೆಗಳು ನನ್ನ ಬೀರುವಿನಲ್ಲೇ ಇವೆ. ಮಿಷನ್ ತುಳಿಯುವಾಗ ಸೆರಗು ಚಕ್ರಕ್ಕೆ ಸಿಕ್ಕುತ್ತದೆಂದು ನಾನು ಅವನ್ನು ಉಡುವುದನ್ನೇ ಬಿಟ್ಟಿದ್ದೇನೆ.

ನಿನ್ನ ಮೈಗೆ ಸರಿಯಾಗಿ ಕೂರುವ ಒಂದು ರವಿಕೆಯನ್ನು ಅಳತೆಗೆಂದು ಕಳಿಸು. ಅದರ ಮೇಲಿಟ್ಟು ಕತ್ತರಿಸುತ್ತೇನೆ.

ನಿಮ್ಮಣ್ಣನಿಗೆ ಇನ್ನೂ ಸಿಟ್ಟು ಇಳಿದಿಲ್ಲ. ನಿನ್ನೆ ಊಟಕ್ಕೆ ಕೂತಾಗ, “ಅವಳಿಗೆ ಅಲ್ಲಿ ಒಂದೇ ಒಂದು ಜ್ವರ ಬರ್ಲಿ ನೋಡು, ಅವತ್ತೇ ಹೋಗಿ ಪೆಟ್ಟಿಗೆ ಸಮೇತ ಕರ್ಕೊಂಡ್ ಬರ್ತೀನಿ,” ಅಂದರು. ಊರೆಲ್ಲರ ಮಿಕ್ಸಿ, ಫ್ಯಾನು ರಿಪೇರಿ ಮಾಡುವ ಮನುಷ್ಯನಿಗೆ ತಂಗಿಯೂ ಬಿಚ್ಚಿ ಜೋಡಿಸುವ ವಸ್ತುವಿನ ಹಾಗೆ ಕಾಣುತ್ತಾಳೆ. ನೀನು ಜ್ವರ ಬರಿಸಿಕೊಳ್ಳದೆ ಇರು.

ಅತ್ತಿಗೆ

ಜೂನ್ 12

ಅತ್ತಿಗೆ,

ಅಳತೆ ರವಿಕೆ ಇದರ ಜೊತೆಗಿದೆ. ನನ್ನ ಹತ್ತಿರ ಇರುವುದರಲ್ಲಿ ಇದೇ ಸರಿಯಾಗಿ ಕೂರುವುದು, ಹೋದ ವರ್ಷ ನೀವೇ ಹೊಲಿದದ್ದು.

ಯೋಜನೆ ಓದಿ ನನ್ನ ಜೊತೆ ಕೋಣೆಯಲ್ಲಿರುವ ನರ್ಸ್ ನಕ್ಕಳು. “ನಿಮ್ ಅತ್ತಿಗೆ ಮಿಲಿಟರೀಲಿ ಇದ್ರಾ?” ಎಂದು ಕೇಳಿದಳು. ಆದರೆ ಹನ್ನೆರಡೇ ಸಾಕು ಎಂದು ನನಗೂ ಅನ್ನಿಸಿತು, ಯಾಕೆಂದರೆ ಇಲ್ಲಿ ಬೀರು ಇಲ್ಲ. ಮೂರನೇ ಮಹಡಿಯ ಕೋಣೆ, ನನ್ನ ಪಾಲಿಗೆ ಬಂದಿರುವುದು ಎರಡು ಮೊಳೆ ಮತ್ತು ಅವುಗಳ ನಡುವಿನ ಹಗ್ಗ. ಆರು ಸೆಟ್ಟು ತರಿಸಿದ್ದರೆ ಆ ಹಗ್ಗ ಕಿತ್ತುಬಂದು ನಮ್ಮಿಬ್ಬರ ಮೇಲೂ ಬೀಳುತ್ತಿತ್ತು.

ಸದ್ಯಕ್ಕೆ ಎರಡೇ ಸೀರೆಯನ್ನು ಅದಲು ಬದಲು ಮಾಡಿ ಉಡುತ್ತಿದ್ದೇನೆ. ಮೇಲ್ವಿಚಾರಕಿ ಮೇಡಂ ಬೆಳಿಗ್ಗೆ ಬಾಗಿಲಲ್ಲೇ ನಿಂತು ನಮ್ಮನ್ನು ಮೇಲಿನಿಂದ ಕೆಳಗೆ ನೋಡುತ್ತಾರೆ. ಮೊನ್ನೆ ನನ್ನ ಸೀರೆ ನೋಡಿ, “ಇದನ್ನ ನಾವು ಮಂಗಳವಾರಾನೂ ನೋಡಿದ್ವಲ್ಲಮ್ಮ,” ಎಂದರು. ಮೇಜಿನ ಹಿಂದೆ ಒಂದು ಕುರ್ಚಿ ಇದೆ, ಆದರೆ ಕೂರುವ ಹಾಗಿಲ್ಲ. ಎಂಟು ಗಂಟೆ ನಿಂತು ನಗುವುದೇ ನನ್ನ ಕೆಲಸ.

ನನ್ನ ಬೇಡಿಕೆಗಳು: ಬೆನ್ನಿಗೆ ದಾರ ಕಟ್ಟಿ ಅದಕ್ಕೆ ಗೊಂಡೆ ಇರಲಿ. ಒಂದಾದರೂ ರವಿಕೆಗೆ ಉಬ್ಬು ತೋಳು ಇರಲಿ. ನಿಮ್ಮ ಆ ಹಳದಿ ಸೀರೆ ನನಗೆ ಕೊಡಲೇಬೇಕು. ಹತ್ತನೇ ಕ್ಲಾಸಿನಿಂದ ಅದರ ಮೇಲೆ ನನ್ನ ಕಣ್ಣಿದೆ.

ಸೂಜಿಮೆಣಸು

ಜೂನ್ 27

ಸೂಜಿಮೆಣಸೇ,

ಪಾರ್ಸಲ್ ಬಿಚ್ಚುವ ಮುಂಚೆ ಕಾಗದ ಓದು. ಆಮೇಲೆ ‘ಹೇಳಲಿಲ್ಲ’ ಎನ್ನಬೇಡ.

ಗೊಂಡೆ ಇಲ್ಲ. ಎಂಟು ಗಂಟೆ ನಿಲ್ಲುವವಳು ಬೆನ್ನಿಗೆ ಗಂಟೆ ಕಟ್ಟಿಕೊಂಡ ಹಾಗೆ ಗೊಂಡೆ ಕಟ್ಟಿಕೊಂಡು ಯಾರಿಗೆ ತೋರಿಸಬೇಕು? ಉಬ್ಬು ತೋಳೂ ಇಲ್ಲ, ಇಸ್ತ್ರಿ ಮಾಡಲು ನಿನ್ನಿಂದಾಗುವುದಿಲ್ಲ. ಸೀರೆಗಳು ಹಳದಿ, ಬೂದು, ಎಲೆ ಹಸಿರು, ನೀಲಿ. ರವಿಕೆಗಳು ಕಪ್ಪು, ಮರೂನು, ಗೋಧಿ ಬಣ್ಣ. ಮೂರಕ್ಕೂ ಮುಂದೆ ಹುಕ್ಕು, ಮೊಣಕೈವರೆಗೆ ತೋಳು. ಐದನೆಯ ಸೀರೆಯೊಂದರ ಅಂಚು ಹರಿದಿತ್ತು. ಅದರ ಒಡಲಿನಿಂದ ಒಂದು ಕುರ್ತಾ, ಸೆರಗಿನ ಕಡೆಯಿಂದ ದುಪಟ್ಟಾ ತೆಗೆದಿದ್ದೇನೆ. ಇನ್ನೊಂದು ಕುರ್ತಾ ಬರೀ ಬಿಳಿ, ದುಪಟ್ಟಾ ಎರಡಕ್ಕೂ ನಡೆಯುತ್ತದೆ. ಪ್ಯಾಂಟು ಅಲ್ಲೇ ತೆಗೆದುಕೊಂಡಿದ್ದೀಯ ಎಂದುಕೊಂಡಿದ್ದೇನೆ.

ಹಳದಿ ಕೊಟ್ಟಿದ್ದೇನೆ, ಕೊಡುವಾಗ ಹೊಟ್ಟೆ ಉರಿಯಿತು ಎಂಬುದೂ ನಿನಗೆ ಗೊತ್ತಿರಲಿ. ಈಗಲೂ ಒಗೆದರೆ ಬಣ್ಣ ಬಿಡುತ್ತದೆ, ಬೇರೆಯಾಗಿಯೇ ಒಗೆ. ಅದನ್ನು ಬಿಳಿ ಕುರ್ತಾ ಜೊತೆ ಬಕೆಟ್ಟಿಗೆ ಹಾಕಿದರೆ ನನ್ನ ಮುಖಕ್ಕೆ ಬರಬೇಡ.

ಮೂರು ರವಿಕೆಯನ್ನೂ ನಿನ್ನ ಅಳತೆ ರವಿಕೆಯ ಮೇಲಿಟ್ಟು ನೂಲಿನಷ್ಟೂ ಹೆಚ್ಚುಕಡಿಮೆ ಇಲ್ಲದ ಹಾಗೆ ಹೊಲಿದಿದ್ದೇನೆ. ತೊಟ್ಟು ನೋಡಿ ಕೂಡಲೇ ಬರೆ.

ಅತ್ತಿಗೆ

ಜುಲೈ 18

ಕೂಡಲೇ ಬರೆ ಎಂದಿದ್ದೆ. ಇವತ್ತಿಗೆ ಮೂರು ವಾರವಾಯಿತು.

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹಗಲೂ ರಾತ್ರಿ ಹೊಲಿದವಳಿಗೆ ‘ಬಂತು’ ಎಂಬ ಎರಡಕ್ಷರ ಬರೆಯಲು ನಿನಗೆ ಪುರುಸೊತ್ತಿಲ್ಲ. ಪಾರ್ಸಲ್ ತಲುಪಿದೆ ಎಂದು ಕೊರಿಯರ್ ಅಂಗಡಿಯವನ ರಸೀದಿ ಹೇಳುತ್ತದೆ. ಅವನಿಗಿರುವ ಬುದ್ಧಿ ನಿನಗಿಲ್ಲ. ಕಾನೂನು ಮುರಿದು ಫೋನೂ ಮಾಡಿದೆ. ಎರಡು ಸಲವೂ ನಿನ್ನ ನರ್ಸಮ್ಮ ಎತ್ತಿ, “ಅವಳು ಡ್ಯೂಟೀಲಿದಾಳೆ ಆಂಟಿ,” ಎಂದಳು. ಡ್ಯೂಟಿಗೆ ಹೋಗುವವಳು ಫೋನನ್ನು ಮನೆಯಲ್ಲಿ ಬಿಟ್ಟು ಹೋಗುತ್ತಾಳೆಯೇ? ನಾನು ಆ ಹುಡುಗಿಗೆ ಆಂಟಿ ಆದದ್ದಾದರೂ ಯಾವಾಗ?

ಬಟ್ಟೆ ಇಷ್ಟವಾಗದಿದ್ದರೆ ಇಷ್ಟವಾಗಲಿಲ್ಲ ಎಂದು ಬರೆ. ಗೊಂಡೆ ಇಲ್ಲವೆಂದು ಮುನಿಸಿಕೊಂಡಿದ್ದರೆ ಅದನ್ನಾದರೂ ಬರೆ. ಮೌನಕ್ಕೆ ನಾನು ಏನು ಉತ್ತರ ಕೊಡಲಿ?

ಅತ್ತಿಗೆ

ಜುಲೈ 29

ಅತ್ತಿಗೆ,

ತಪ್ಪಾಯಿತು. ಕೆಲಸ ತುಂಬ ಇತ್ತು, ಬರೆಯಲಾಗಲಿಲ್ಲ. ಬಟ್ಟೆಗಳೆಲ್ಲ ಚೆನ್ನಾಗಿವೆ. ಕುರ್ತಾ ಎರಡೂ ಹೇಗೋ ನಡೆಯುತ್ತವೆ.

ಆದರೆ ರವಿಕೆಗಳು ಸಡಿಲ. ಸ್ವಲ್ಪ ಅಲ್ಲ, ಚೆನ್ನಾಗಿಯೇ ಸಡಿಲ. ಭುಜ ಜಾರುತ್ತದೆ, ಕಂಕುಳ ಹತ್ತಿರ ಬಟ್ಟೆ ಮಡಿಕೆ ಬೀಳುತ್ತದೆ. ಪಿನ್ನು ಹಾಕಿ ಎರಡು ದಿನ ಸುಧಾರಿಸಿದೆ, ಮೂರನೇ ದಿನ ಅತಿಥಿಯೊಬ್ಬರಿಗೆ ಕೀಲಿ ಕೊಡಲು ಕೈ ಚಾಚಿದಾಗ ಪಿನ್ನು ಬಿಚ್ಚಿಕೊಂಡು ಪಕ್ಕೆಗೆ ಚುಚ್ಚಿತು. ಆಗಲೂ ನಗುತ್ತಲೇ ನಿಂತಿದ್ದೆ. ಮೇಡಂ ಪಕ್ಕಕ್ಕೆ ಕರೆದು, “ಇದೇನು, ಬೇರೆಯವರ ಬಟ್ಟೆ ತೊಟ್ಕೊಂಡ್ ಬಂದಿದೀಯ? ಹೀಗಾದ್ರೆ ನಾನು ನಿನ್ನ ಹೆಸರು ಮುಂದಕ್ಕೆ ಕಳಿಸೋದು ಹೇಗೆ?” ಎಂದರು.

ಇಲ್ಲಿ ಟೈಲರ್ ಹತ್ತಿರ ಹೋದರೆ ಒಂದನ್ನು ಬಿಗಿ ಮಾಡಲು ಹೊಸದು ಹೊಲಿದಷ್ಟು ಕೇಳುತ್ತಾನೆ. ಕಪ್ಪನ್ನೂ ಮರೂನನ್ನೂ ವಾಪಸ್ಸು ಕಳಿಸುತ್ತಿದ್ದೇನೆ, ದಯವಿಟ್ಟು ಬಿಗಿ ಮಾಡಿ. ಅಳತೆ ರವಿಕೆ ನಿಮ್ಮ ಹತ್ತಿರವೇ ಇತ್ತಲ್ಲ, ಹೇಗೆ ತಪ್ಪಿತೋ.

ಹಳದಿ ಸೀರೆಯನ್ನೂ ಇದರ ಜೊತೆ ಇಟ್ಟಿದ್ದೇನೆ. ನೀವೇ ಇಟ್ಟುಕೊಳ್ಳಿ. ಹಳದಿ ನೋಡಿ ನೋಡಿ ಸಾಕಾಗಿದೆ.

ಸೂಜಿಮೆಣಸು

ಆಗಸ್ಟ್ 6

ಮಹಾರಾಯಗಿತ್ತಿ,

ನಿನ್ನ ಕಾಗದ ಓದಿ ತಲೆ ಚಿಟ್ಟು ಹಿಡಿಯಿತು. ಅಳತೆ ರವಿಕೆಯನ್ನು ಮೇಜಿನ ಮೇಲೆ ಹಾಸಿದೆ. ಅದರ ಮೇಲೆ ಕಪ್ಪು ರವಿಕೆ ಇಟ್ಟೆ. ಭುಜಕ್ಕೆ ಭುಜ, ಕಂಕುಳಿಗೆ ಕಂಕುಳು, ಅಂಚಿಗೆ ಅಂಚು. ಮರೂನೂ ಹಾಗೆಯೇ. ಸಾಕಾಗದೆ ನಿಮ್ಮಣ್ಣನನ್ನು ಕರೆದು ತೋರಿಸಿದೆ. “ಎರಡೂ ಒಂದೇ ಇದಾವಲ್ಲೇ,” ಎಂದರು. ಸ್ಕ್ರೂಡ್ರೈವರ್ ಬಿಟ್ಟು ಬೇರೇನೂ ತಿಳಿಯದ ಮನುಷ್ಯನಿಗೆ ಕಂಡದ್ದು ನಿನ್ನ ಮೇಡಮ್ಮಿಗೆ ಯಾಕೆ ಕಾಣಲಿಲ್ಲ?

ಹತ್ತನೇ ಕ್ಲಾಸಿನಿಂದ ಕಣ್ಣಿಟ್ಟಿದ್ದ ಸೀರೆ ಒಂದು ತಿಂಗಳಿಗೆ ಸಾಕಾಯಿತಂತೆ. ಅದನ್ನು ವಾಪಸ್ಸು ಕಳಿಸಿ ನನ್ನ ವಾರವನ್ನೇ ಕೆಡಿಸಿದೆ. ಈಗ ಮೂರು ಸೀರೆ, ಎರಡು ಕುರ್ತಾ. ಆರನೇ ದಿನ ಪರದೆ ಸುತ್ತಿಕೊಂಡು ಹೋಗುತ್ತೀಯೋ?

ಇನ್ನು ಅಳತೆ ರವಿಕೆಯ ಮಾತು ಬೇಡ. ಟೇಪು ಹಿಡಿದು ಮೈಯ ಅಳತೆ ತೆಗೆಸಿ ಕಳಿಸು. ನೀನೇ ತೆಗೆಯಬೇಡ, ನರ್ಸಮ್ಮನ ಕೈಯಲ್ಲಿ ತೆಗೆಸು. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡ, ಉಸಿರು ಬಿಟ್ಟು ನಿಲ್ಲು. ಎದೆ, ಸೊಂಟ, ತೋಳಿನ ಸುತ್ತು, ಮೂರು ಸಾಕು.

ಅತ್ತಿಗೆ

ಆಗಸ್ಟ್ 14

ಅತ್ತಿಗೆ,

ಅಳತೆ ತೆಗೆದದ್ದಾಯಿತು. ಎದೆ ಮೂವತ್ತನಾಲ್ಕು, ಸೊಂಟ ಇಪ್ಪತ್ತೆಂಟು, ತೋಳು ಹನ್ನೊಂದು.

ಅಳತೆ ಅದೇ ಇದೆ, ರವಿಕೆ ಮಾತ್ರ ಸಡಿಲ. ಹೊಲಿಗೆಯಲ್ಲೇ ಎಲ್ಲೋ ಹೆಚ್ಚುಕಡಿಮೆ ಆಗಿರಬೇಕು. ಅಳತೆಯ ಮೇಲೆ ಹೋಗದೆ ಸುಮ್ಮನೆ ಒಂದೂವರೆ ಇಂಚು ಒಳಗೆ ಹಿಡಿದು ಕೊಟ್ಟುಬಿಡಿ, ಸಾಕು. ಮೇಡಂ ದಿನಾ ನೋಡುತ್ತಿದ್ದಾರೆ. ಈ ಕೆಲಸ ಹೋದರೆ ನಾನು ಊರಿಗೆ ಬರಬೇಕು, ಬಂದರೆ ಅಣ್ಣ ಮತ್ತೆ ಹೊರಗೆ ಬಿಡುವುದಿಲ್ಲ. ನಿಮಗೆ ಗೊತ್ತಲ್ಲ.

ಇಲ್ಲಿ ಮತ್ತೇನೂ ವಿಶೇಷವಿಲ್ಲ. ಮೆಟ್ಟಿಲು ಹತ್ತುವಾಗ ಈಚೆಗೆ ಎರಡು ಕಡೆ ನಿಲ್ಲುತ್ತೇನೆ, ಎಂಟು ಗಂಟೆ ನಿಂತು ಬಂದ ಕಾಲಲ್ಲವೇ.

ಸೂಜಿಮೆಣಸು

ಆಗಸ್ಟ್ 30

ಪ್ರೀತಿಯ ಸೂಜಿಮೆಣಸಿಗೆ,

ಎರಡು ರವಿಕೆಯನ್ನೂ ಒಂದೂವರೆ ಇಂಚು ಒಳಗೆ ಹಿಡಿದು ಕಳಿಸಿದ್ದೇನೆ. ಅಂದಾಜಿನ ಮೇಲೆ ಮಾಡಿದ್ದು. ಅಂದಾಜಿನ ಕೆಲಸ ನಾನು ಇದುವರೆಗೆ ಮಾಡಿರಲಿಲ್ಲ.

ಎರಡು ವಾರ ಯೋಚಿಸಿದೆ. ನಿನ್ನ ಮೈಯ ಅಳತೆಯೂ ಅಳತೆ ರವಿಕೆಯೂ ಒಂದೇ, ಅಳತೆ ರವಿಕೆಯೂ ನಾನು ಹೊಲಿದದ್ದೂ ಒಂದೇ ಎಂದು ನನಗೆ ಕಾಣುತ್ತದೆ, ಆದರೂ ನಿನಗೆ ಸಡಿಲ. ಹಾಗಾದರೆ ನನಗೆ ಕಾಣುತ್ತಿರುವುದೇ ತಪ್ಪು. ನಿನಗೆ ಹೇಳಿರಲಿಲ್ಲ, ಈ ವರ್ಷ ಸೂಜಿಗೆ ದಾರ ಪೋಣಿಸಲು ನಾಲ್ಕು ನಾಲ್ಕು ಸಲ ಬೇಕಾಗುತ್ತಿದೆ. ಬ್ಯಾಂಕಿನಲ್ಲಿರುವ ಮೇಡಂ ಕುರ್ತಾದ ಕೊರಳು ಒಂದು ಕಡೆ ಓರೆಯಾಯಿತು. ಟೀಚರೊಬ್ಬರು ಬಟ್ಟೆ ಕೊಟ್ಟವರು ಎರಡು ದಿನ ಬಿಟ್ಟು ಬಂದು, “ಅರ್ಜೆಂಟ್ ಇತ್ತು,” ಎಂದು ಹಾಗೇ ವಾಪಸ್ಸು ತೆಗೆದುಕೊಂಡು ಹೋದರು. ಅರ್ಜೆಂಟ್ ಇದ್ದವರು ಹೊಲಿಯಲು ಕೊಡುತ್ತಾರೆ, ವಾಪಸ್ಸು ಒಯ್ಯುವುದಿಲ್ಲ. ಇಷ್ಟೆಲ್ಲ ಆದಾಗಲೂ ನನ್ನ ಕೈ ಸರಿಯಿದೆ ಎಂದೇ ಹಟ ಹಿಡಿದಿದ್ದೆ. ನಿನ್ನ ಮೂರು ರವಿಕೆ ಆ ಹಟ ಬಿಡಿಸಿತು. ಹೊರಗಿನವರ ಅಳತೆ ತಪ್ಪಿದರೆ ಏನೋ ಅನ್ನಬಹುದು, ಲಂಗ ತೊಡುವ ಕಾಲದಿಂದ ನಿನಗೆ ಹೊಲಿದಿದ್ದೇನೆ.

ಮುಂದಿನ ಕೋಣೆಯನ್ನು ಹದಿನೈದನೇ ತಾರೀಖಿನಿಂದ ನಿಮ್ಮಣ್ಣನಿಗೆ ಬಿಟ್ಟುಕೊಡುತ್ತಿದ್ದೇನೆ. ಅವರ ಅಂಗಡಿಯ ಬಾಡಿಗೆಯಾದರೂ ಉಳಿಯಲಿ. ಮಿಷನ್ ನೋಡಲು ಒಬ್ಬರು ಬಂದು ಹೋದರು.

ನೀನು ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ನೋಡಿದ್ದ ಆ ರೆಡಿಮೇಡ್ ಸೆಟ್ಟುಗಳನ್ನೇ ತರಿಸಿಕೋ. ಈಗ ಚೆನ್ನಾಗಿಯೇ ಮಾಡುತ್ತಾರಂತೆ.

ಅತ್ತಿಗೆ

ಸೆಪ್ಟೆಂಬರ್ 4

ಅತ್ತಿಗೆ,

ಮಿಷನ್ ಮಾರಬೇಡಿ. ಮೊದಲು ಇದನ್ನು ಓದಿ.

ನಿಮ್ಮ ಕೈ ತಪ್ಪಿಲ್ಲ. ನಾನು ಇಳಿದುಹೋಗಿದ್ದೇನೆ. ನಿಮ್ಮ ಪಾರ್ಸಲ್ ಬಂದ ದಿನ ನಾನು ಹಾಸಿಗೆಯಲ್ಲಿದ್ದೆ. ಕಾಮಾಲೆಯಾಗಿತ್ತು. ನರ್ಸ್ ಪಾರ್ಸಲ್ ಬಿಚ್ಚಿ ಹಳದಿ ಸೀರೆಯನ್ನು ನನ್ನ ಮುಖದ ಹತ್ತಿರ ಹಿಡಿದಳು, ಹಿಡಿದವಳು ಹಾಗೇ ಮಡಚಿಟ್ಟಳು. ಆಮೇಲೆ ಕನ್ನಡಿ ನೋಡಿಕೊಂಡೆ. ನನ್ನ ಕಣ್ಣು ಆ ಸೀರೆಯ ಬಣ್ಣಕ್ಕೆ ತಿರುಗಿತ್ತು. ಮೂರೂವರೆ ವಾರ ಮಲಗಿದ್ದೆ. ನೀವು ಫೋನ್ ಮಾಡಿದಾಗ ಎರಡು ಸಲವೂ ಅವಳ ಪಕ್ಕದಲ್ಲೇ ಇದ್ದೆ, ಡ್ಯೂಟಿಯಲ್ಲಿದ್ದಾಳೆ ಎನ್ನು ಎಂದು ನಾನೇ ಸನ್ನೆ ಮಾಡಿದ್ದು. ಮೇಡಂ ನನ್ನ ಕೆಲಸ ಉಳಿಸಿದರು, ಸಂಬಳ ಉಳಿಸಲಿಲ್ಲ. ಎದ್ದ ಮೇಲೆ ತೂಕ ನೋಡಿದರೆ ಎಂಟು ಕೇಜಿ ಕಡಿಮೆ.

ನಿಮಗೆ ಹೇಳಿದರೆ ಅಣ್ಣನಿಗೆ ತಿಳಿಯುತ್ತದೆ, ತಿಳಿದರೆ ಪೆಟ್ಟಿಗೆ ಸಮೇತ ಕರೆದುಕೊಂಡು ಹೋಗುತ್ತಾನೆ ಎಂದು ಮುಚ್ಚಿಟ್ಟೆ. ಅಲ್ಲಿಗೇ ನಿಲ್ಲಿಸಲಿಲ್ಲ. ಟೇಪು ಹಿಡಿದು ಅಳತೆ ತೆಗೆಸು ಎಂದಿರಿ, ನಾನು ಇಲ್ಲೇ ಉಳಿದಿದ್ದ ಗೋಧಿ ಬಣ್ಣದ ರವಿಕೆಯನ್ನು ಹಾಸಿ ಅದನ್ನು ಅಳೆದು ಬರೆದೆ. ತಪ್ಪು ನಿಮ್ಮದು ಎಂದು ಬರೆದೆ. ನಿಮಗೆ ಸಿಟ್ಟು ಬರುತ್ತದೆ, ಬೈಯುತ್ತೀರಿ, ಅಷ್ಟರಲ್ಲಿ ನನಗೆ ಮೈ ಬರುತ್ತದೆ ಎಂದುಕೊಂಡಿದ್ದೆ. ನೀವು ನಂಬಿಬಿಡುತ್ತೀರಿ ಎಂದು ಒಂದು ಕ್ಷಣವೂ ಅನ್ನಿಸಿರಲಿಲ್ಲ. ರೆಡಿಮೇಡ್ ಚೆನ್ನಾಗಿಯೇ ಮಾಡುತ್ತಾರಂತೆ ಎಂಬ ಸಾಲು ಓದಿ ಅತ್ತೆ. ನಿಮ್ಮ ಬಾಯಲ್ಲಿ ಅಂಥ ಮಾತು ಬರಬಾರದು ಅತ್ತಿಗೆ.

ನೀವು ಒಳಗೆ ಹಿಡಿದದ್ದೂ ಇನ್ನೂ ಸಡಿಲವೇ ಇದೆ. ನಿಜವಾದ ಅಳತೆ ಇಲ್ಲಿದೆ, ಇವತ್ತು ಬೆಳಿಗ್ಗೆ ನರ್ಸ್ ಟೇಪು ಹಿಡಿದು ಬರೆದದ್ದು. ಎದೆ ಮೂವತ್ತೊಂದು, ಸೊಂಟ ಇಪ್ಪತ್ತನಾಲ್ಕೂವರೆ, ತೋಳು ಒಂಬತ್ತು. ಕೆಳಗೆ ಅವಳ ಸಹಿಯೂ ಇದೆ, ಏಕೆಂದರೆ ನನ್ನ ಮಾತು ನೀವು ಇನ್ನು ಯಾಕೆ ನಂಬಬೇಕು. ಅಣ್ಣನಿಗೆ ಹೇಳುವುದಾದರೆ ಹೇಳಿ. ನಾನು ಪೆಟ್ಟಿಗೆ ಕಟ್ಟಿ ಕೂರುತ್ತೇನೆ. ಮಿಷನ್ ಮಾತ್ರ ಕೊಡಬೇಡಿ.

ಸೂಜಿಮೆಣಸು

ಸೆಪ್ಟೆಂಬರ್ 10

ಸೂಜಿಮೆಣಸಲ್ಲ, ನೀನು ಶುದ್ಧ ಕತ್ತೆ.

ಮೂವತ್ತೊಂದು ಎಂದು ಓದಿದಾಗ ಕೈಯಲ್ಲಿದ್ದ ಕಾಗದವನ್ನು ಮಿಷನ್ನಿನ ಮೇಲಿಟ್ಟು ಒಂದು ಲೋಟ ನೀರು ಕುಡಿದೆ. ಹದಿನೆಂಟು ವರ್ಷದಿಂದ ಇಂಚು ಬರೆಯುತ್ತಿದ್ದೇನೆ, ಮೂವತ್ತನಾಲ್ಕು ಮೂವತ್ತೊಂದು ಆಗುವುದೆಂದರೆ ಏನೆಂದು ನನಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ತೋಳು ಒಂಬತ್ತಂತೆ. ಎಂಟನೇ ಕ್ಲಾಸಿನಲ್ಲಿ ನಿನ್ನ ತೋಳು ಒಂಬತ್ತಿತ್ತು.

ಸುಳ್ಳು ಹೇಳಿದ್ದಕ್ಕೆ ಸಿಟ್ಟಿದೆ. ನನ್ನ ಕೈಯನ್ನೇ ಅನುಮಾನಿಸುವ ಹಾಗೆ ಮಾಡಿದ್ದಕ್ಕೆ ಅದಕ್ಕಿಂತ ಹೆಚ್ಚು ಸಿಟ್ಟಿದೆ, ಅದು ಬೇಗ ಇಳಿಯುವುದಿಲ್ಲ. ಆದರೆ ನಿಜವಾಗಿ ನೋವಾದದ್ದು ಬೇರೆ. ಅತ್ತಿಗೆಗೆ ಹೇಳಿದರೆ ಅಣ್ಣನಿಗೆ ಹೇಳಿದಂತೆಯೇ ಎಂದುಕೊಂಡೆಯಲ್ಲ, ಅದು. ನೀನು ಸೆಕೆಂಡ್ ಪಿಯುಸಿ ಫೇಲಾದದ್ದನ್ನು ಆರು ತಿಂಗಳು ನಿಮ್ಮಣ್ಣನಿಂದ ಮುಚ್ಚಿಟ್ಟವರು ಯಾರು?

ಅವರಿಗೆ ಹೇಳಿಲ್ಲ, ಹೇಳುವುದೂ ಇಲ್ಲ. “ಏನಂತೆ ಅವಳದು?” ಎಂದು ಕೇಳಿದರು. “ಅಳತೆ ಬರೆದು ಕಳಿಸಿದಾಳೆ,” ಎಂದೆ, ಅದು ಸುಳ್ಳಲ್ಲ. ಮುಂದಿನ ಕೋಣೆ ಬಿಡುವುದಿಲ್ಲ ಎಂದೂ ಆಗಲೇ ಹೇಳಿದೆ. “ಅಲ್ವೇ, ಗೋಡೆಗೆ ಹಲಗೆ ಹೊಡೆದಾಯ್ತಲ್ಲ,” ಎಂದರು. “ಚೆನ್ನಾಗಿ ಹೊಡೆದಿದೀರ, ದಾರದ ಉಂಡೆ ಇಡ್ತೀನಿ,” ಎಂದೆ. ಮಿಷನ್ ನೋಡಿಹೋದವರಿಗೂ ಬೇರೆ ಕಡೆ ನೋಡಿಕೊಳ್ಳಿ ಎಂದು ಹೇಳಿಯಾಯಿತು. ಕಣ್ಣಿನ ಡಾಕ್ಟರ ಹತ್ತಿರವೂ ಹೋಗಿಬಂದೆ. “ಇಷ್ಟು ದಿನ ಕನ್ನಡಕ ಇಲ್ದೆ ಹೇಗಮ್ಮ ಹೊಲಿದ್ರಿ?” ಎಂದು ಕೇಳಿದರು. ಅವರಿಗೆ ಏನು ಹೇಳಲಿ, ಹಟದಿಂದ ಹೊಲಿದೆ ಎನ್ನಲೇ? ಈಗ ಮೊದಲನೇ ಸಲಕ್ಕೇ ದಾರ ಹೋಗುತ್ತದೆ. ಬ್ಯಾಂಕಿನ ಮೇಡಮ್ಮಿನ ಕೊರಳು ಓರೆಯಾದದ್ದು ಮಾತ್ರ ನನ್ನದೇ ತಪ್ಪು, ಬಿಚ್ಚಿ ಸರಿ ಮಾಡಿಕೊಟ್ಟೆ.

ಇದರ ಜೊತೆ ಮೂರು ಹೊಸ ರವಿಕೆ ಇವೆ, ಕಪ್ಪು, ಮರೂನು, ಗೋಧಿ. ಹಳೆಯದನ್ನು ಹಿಡಿದು ಹಿಡಿದು ಬಟ್ಟೆಗೂ ಬೇಜಾರಾಗಿತ್ತು. ಎರಡೂ ಪಕ್ಕೆಯ ಒಳಗೆ ನೋಡು, ಮೂರು ಸಾಲು ಹೊಲಿಗೆ ಇದೆ. ಮೈಗೆ ಹತ್ತಿರ ಇರುವ ಸಾಲು ಈಗಿನ ನಿನಗೆ. ಮಧ್ಯದ ಸಾಲು ಅರ್ಧ ದಾರಿಯದು. ಕೊನೆಯ ಸಾಲು ಜೂನ್ ತಿಂಗಳಿನಲ್ಲಿ ಅಳತೆ ರವಿಕೆ ಕಳಿಸಿದ ನಿನಗೆ. ಮೈ ತುಂಬಿದ ಹಾಗೆ ಒಳಗಿನಿಂದ ಒಂದೊಂದೇ ಸಾಲು ಬಿಚ್ಚಿಕೋ. ಬ್ಲೇಡಿನಲ್ಲಿ ಎಳೆಯಬೇಡ, ಚಿಕ್ಕ ಕತ್ತರಿ ಇಟ್ಟಿದ್ದೇನೆ.

ನಾನು ಬಾಯಿ ಮುಚ್ಚಿಕೊಂಡಿರಲು ಒಂದು ಷರತ್ತು. ಪ್ರತಿ ತಿಂಗಳು ಒಂದನೇ ತಾರೀಖು ಮೂರು ಅಳತೆ ಬರಬೇಕು, ಕಾಗದದಲ್ಲಿ, ನರ್ಸಮ್ಮನ ಸಹಿಯೊಂದಿಗೆ. ಚೆನ್ನಾಗಿದ್ದೇನೆ ಎಂದು ನೀನು ಎಷ್ಟು ಬರೆದರೂ ಓದುವುದಿಲ್ಲ. ಒಂದು ತಿಂಗಳು ಅಳತೆ ಬರಲಿಲ್ಲವೋ, ಪೆಟ್ಟಿಗೆ ಹೊರಲು ನಿಮ್ಮಣ್ಣ ಅಲ್ಲ, ನಾನೇ ಬರುತ್ತೇನೆ. ನರ್ಸಮ್ಮನಿಗೆ ನನ್ನ ಹೆಸರಿನಲ್ಲಿ ಕೈ ಮುಗಿ. ಅವಳು ನನ್ನನ್ನು ಆಂಟಿ ಎಂದರೂ ಪರವಾಗಿಲ್ಲ.

ಅತ್ತಿಗೆ

ಅಕ್ಟೋಬರ್ 1

ಅತ್ತಿಗೆ,

ಎದೆ ಮೂವತ್ತೊಂದೂವರೆ, ಸೊಂಟ ಇಪ್ಪತ್ತೈದು, ತೋಳು ಒಂಬತ್ತೂಕಾಲು. ಸಹಿ ಕೆಳಗಿದೆ.

ಕೆಲಸ ಕಾಯಂ ಆಯಿತು. ಅವತ್ತು ಬೂದು ಸೀರೆಗೆ ಮರೂನು ರವಿಕೆ ತೊಟ್ಟಿದ್ದೆ. ಮೇಡಂ ಬಾಗಿಲಲ್ಲಿ ಮೇಲಿನಿಂದ ಕೆಳಗೆ ನೋಡಿ, ಭುಜದ ಹೊಲಿಗೆಯನ್ನು ಎರಡು ಬೆರಳಲ್ಲಿ ಹಿಡಿದು, “ಇದನ್ನ ಹೊಲಿದಿದ್ದು ಯಾರು?” ಎಂದರು. ಹೇಳಿದೆ. ಅವರಿಗೂ ಎರಡು ಬೇಕಂತೆ. ಅಳತೆ ಫೋನಿನಲ್ಲಿ ಹೇಳಬಹುದೇ ಎಂದು ಕೇಳಿದರು.

ಸೂಜಿಮೆಣಸು

ಅಕ್ಟೋಬರ್ 8

ಹೇಳಬಾರದು. ಅಳತೆ ರವಿಕೆ ಕಳಿಸಲಿ, ಅದೂ ಈಗ ಕೂರುವುದನ್ನು. ಇತ್ತೀಚೆಗೆ ಕಾಯಿಲೆ ಕಸಾಲೆ ಏನಾದರೂ ಆಗಿದೆಯೇ ಎಂದು ಮೊದಲೇ ಕೇಳಿಕೋ.

ಅರ್ಧ ಇಂಚು ಸಾಲದು. ಊಟ ಮಾಡು.

ಅತ್ತಿಗೆ

ನವೆಂಬರ್ 1

ಮೂವತ್ತೆರಡು, ಇಪ್ಪತ್ತೈದೂಮುಕ್ಕಾಲು, ಹತ್ತು. ಮೊದಲ ಸಾಲು ಇನ್ನೂ ಬಿಚ್ಚಿಲ್ಲ, ಆದರೆ ಹುಕ್ಕು ಹಾಕುವಾಗ ಉಸಿರು ಹಿಡಿಯಬೇಕು. ಮೆಟ್ಟಿಲಲ್ಲಿ ಈಗ ಒಂದೇ ಕಡೆ ನಿಲ್ಲುತ್ತೇನೆ.

ಸೂಜಿಮೆಣಸು

ಡಿಸೆಂಬರ್ 1

ಅತ್ತಿಗೆ,

ಒಂದು ದೂರು ಇದೆ. ಬೈಯದೆ ಓದಿ.

ಹೋದ ವಾರ ಮೊದಲ ಸಾಲು ಬಿಚ್ಚಿದೆ. ಇವತ್ತು ಬೆಳಿಗ್ಗೆ ಕಪ್ಪು ರವಿಕೆಯ ಕೊನೆಯ ಹುಕ್ಕು ಮತ್ತೆ ತಕರಾರು ಮಾಡಿತು. ನರ್ಸ್ ಬಂದು ಎರಡೂ ಕಡೆಯಿಂದ ಎಳೆದಳು, ಹುಕ್ಕು ಕಿತ್ತು ಮಂಚದ ಕೆಳಗೆ ಹೋಯಿತು. ಇಬ್ಬರೂ ನೆಲದ ಮೇಲೆ ಕೂತು ಹುಡುಕುತ್ತಾ ನಕ್ಕು ನಕ್ಕು ಡ್ಯೂಟಿಗೆ ತಡವಾಯಿತು. ಮೇಡಮ್ಮಿಗೆ ಕಾರಣ ಹೇಳಿದರೆ ಅವರೂ ನಕ್ಕರು.

ಅಳತೆ ಈ ಸಲ ನರ್ಸ್ ತನ್ನ ಕೈಯಲ್ಲೇ ಕೆಳಗೆ ಬರೆದಿದ್ದಾಳೆ, ನಾನು ಹೇಳುವುದಿಲ್ಲ. ಮಧ್ಯದ ಸಾಲನ್ನು ನಾಳೆ ಬಿಚ್ಚುತ್ತೇನೆ. ಆರನೇ ದಿನವನ್ನು ಇನ್ನೂ ನನ್ನ ಹಳೇ ಸೀರೆಯಲ್ಲೇ ತಳ್ಳುತ್ತಿದ್ದೇನೆ, ಆ ಹಳದಿಯನ್ನು ಕಳಿಸಿಬಿಡಿ. ಬೇರೆಯಾಗಿಯೇ ಒಗೆಯುತ್ತೇನೆ.

ನೀವು ಹೊಲಿದದ್ದು ನನಗೆ ಬಿಗಿಯಾಗುತ್ತಿದೆ, ಅತ್ತಿಗೆ.

ಸೂಜಿಮೆಣಸು